ಉಳಿದದ್ದೊಂದೇ ಜಾಗ

ಹಾಕಿ ಸಂಸ್ಥೆಯ ಹಾಲ್ ಆಫ್ ಫೇಮಿನಲ್ಲಿ ಈ ವರ್ಷಕ್ಕೆ ಉಳಿದಿದ್ದುದು ಒಂದೇ ಜಾಗ. ನಿವೃತ್ತ ಗೋಲ್‌ಕೀಪರ್ ಬೆನೆಡಿಕ್ಟಾಳ ಹೆಸರನ್ನು ಅಧ್ಯಕ್ಷರು ಮೂರನೆಯ ಸಲ ಹೊಡೆದುಹಾಕಿದಾಗ ಸಮಿತಿಯ ಚೋಂದಮ್ಮ ಮೇಜು ಗುದ್ದಿ ಎದ್ದು ನಿಂತರು. ಅವರೂ ಒಂದು ಕಾಲದ ಗೋಲ್‌ಕೀಪರೇ.

"ಅವಳಂಥ ಗೋಲ್‌ಕೀಪರನ್ನ ನೀವು ಕಣ್ಣಲ್ಲಿ ಕಂಡಿದ್ದೀರಾ?"

ಅಧ್ಯಕ್ಷರಿಗೆ ಮೈಯೆಲ್ಲ ಉರಿಯಿತು. ಬೆಳಗಿನಿಂದ ಇದೇ ಜಗಳ.

"ದೇಶದ ಪರವಾಗಿ ಒಂದೇ ಒಂದು ಪಂದ್ಯ ಆಡಿಲ್ಲ ಆಕೆ. ಯಾವ ಮುಖ ಇಟ್ಕೊಂಡು ಸೇರಿಸಲಿ?"

"ಆಡಿಲ್ಲ ಅಲ್ಲ ಸಾರ್, ಆಡೋಕೆ ಬಿಡಲಿಲ್ಲ! ದೇಶದ ತಂಡಕ್ಕೆ ಆಯ್ಕೆಯಾಗಿ ವಿಮಾನ ಹತ್ತೋ ಹಿಂದಿನ ದಿನ, ಅವಳಿಗೆ ಮೂರ್ಛೆರೋಗ ಇದೆ ಅಂತ ಒಂದು ಮೂಕರ್ಜಿ ಬಂತು. ಡಾಕ್ಟರಿಗೂ ತೋರಿಸದೆ ಕೈಬಿಟ್ರು. ಆಮೇಲೆ ಯಾವತ್ತೂ ಕರೀಲಿಲ್ಲ."

"ರೋಗ ಇದ್ದಿರಬಹುದಲ್ಲ?"

"ಇರಲಿಲ್ಲ! ಆ ಅರ್ಜಿಯ ಒಂದೊಂದು ಅಕ್ಷರವೂ ಸುಳ್ಳು."

ಅಧ್ಯಕ್ಷರ ತಾಳ್ಮೆ ಕೆಟ್ಟಿತು. ಕೈಲಿದ್ದ ಕಡತವನ್ನು ಮೇಜಿನ ಮೇಲೆ ಎಸೆದರು.

"ಸಹಿಯಿಲ್ಲ, ಹೆಸರಿಲ್ಲ. ಬರೆದವರು ಯಾರೋ ದೇವರಿಗೇ ಗೊತ್ತು. ಸುಳ್ಳು ಅಂತ ಅಷ್ಟು ಖಚಿತವಾಗಿ ನೀವು ಹೇಗಮ್ಮ ಹೇಳ್ತೀರಿ?"

ಚೋಂದಮ್ಮನ ದನಿ ಆ ದಿನ ಮೊದಲ ಸಲ ತಗ್ಗಿತು.

"ಬರೆದೋಳು ನಾನೇ."