ಬಲಗಡೆಯ ಐದು ಮಿಲಿಮೀಟರ್

ರ್‍ಯಾಲಿಗೆ ಮುಂಚೆ ಆ ಹಳೆಯ ಸ್ಪೋರ್ಟ್ಸ್ ಕಾರಿನ ಎತ್ತರವನ್ನು ಮೆಕ್ಯಾನಿಕ್ ಖಲಂದರ್ ಯಜಮಾನರನ್ನು ಸ್ಟೀರಿಂಗ್ ಮುಂದೆ ಕೂರಿಸಿಯೇ ಅಳೆಯುತ್ತಿದ್ದ. ಓಡಿಸುವವರ ಭಾರ ಬಲಗಡೆ ಬಿದ್ದಾಗ ಎಡಬಲ ಸಮನಾಗಿ ನಿಲ್ಲಬೇಕು.

ಈ ವರ್ಷ ಬಲಗಡೆ ಐದು ಮಿಲಿಮೀಟರ್ ಮೇಲೆದ್ದಿತ್ತು. ಮೂರು ಸಲ ಅಳೆದರೂ ಅಷ್ಟೇ.

"ಹೋದ ವರ್ಷ ನೀನೇ ಅಲ್ವೇನಯ್ಯಾ ಸೆಟ್ ಮಾಡಿದ್ದು?" ಯಜಮಾನರು ಒಳಗಿನಿಂದಲೇ ಗದರಿದರು.

ಖಲಂದರ್ ಕಾರಿನಡಿ ತೂರಿ ನೋಡಿದ. ಒಂದು ನಟ್ಟೂ ಕದಲಿರಲಿಲ್ಲ. ಎದ್ದವನ ಕಣ್ಣಿಗೆ ಏಪ್ರಿಲ್ ಸೆಕೆಯಲ್ಲೂ ಅವರು ತೊಟ್ಟಿದ್ದ ದಪ್ಪ ಜಾಕೆಟ್ಟು, ಮಣಿಕಟ್ಟಿನಿಂದ ಜಾರುತ್ತಿದ್ದ ವಾಚು ಬಿದ್ದವು.

"ಸಾರ್, ನಿಮ್ಮ ತೂಕ..."

ಯಜಮಾನರು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ಕಣ್ಣು ಹಾಯಿಸಿ, ಬೇಡವೆಂದು ತಲೆಯಾಡಿಸಿದರು.

ಖಲಂದರ್ ಜೋರಾಗಿಯೇ ಹೇಳಿದ: "ನಂದೇ ತಪ್ಪು ಸಾರ್. ಸ್ಪ್ರಿಂಗ್ ಸರಿಯಾಗಿ ಕೂತಿಲ್ಲ. ಐದು ಮಿಲಿಮೀಟರ್ ಇಳಿಸಿಬಿಡ್ತೀನಿ."

ಯಜಮಾನರು ನಿಧಾನವಾಗಿ ಇಳಿದು ನೀರು ಕುಡಿಯಲು ಹೊರಗೆ ಹೋದರು. ಅವರ ಹೆಂಡತಿ ಹತ್ತಿರ ಬಂದು ದನಿ ತಗ್ಗಿಸಿದರು.

"ಏಳು ಇಳಿಸಿ ಖಲಂದರ್ ಭಾಯ್. ರ್‍ಯಾಲಿ ಹೊತ್ತಿಗೆ ಇನ್ನೂ ಸೊರಗ್ತಾರೆ ಅಂತ ಡಾಕ್ಟ್ರು ನಂಗೂ ಹೇಳಿದಾರೆ. ನಂಗೆ ಗೊತ್ತಿದೆ ಅನ್ನೋದು ಮಾತ್ರ ಅವ್ರಿಗೆ ಗೊತ್ತಾಗೋದು ಬೇಡ."