ಹೆಬ್ಬೆರಳ ಕೆಳಗೆ

ಎಸ್ತರಮ್ಮ ಕೊಟ್ಟ ಕರಪತ್ರವನ್ನು, ಸೀಟಿನ ಪಕ್ಕ ನಿಂತಿದ್ದ ನರೆಗಡ್ಡದವನು ಪೂರ್ತಿ ಓದಿ ಅವಳಿಗೇ ವಾಪಸ್ಸು ಚಾಚಿದ. ಯೇಸು ಪಾಪಿಗಳಿಗಾಗಿ ಪ್ರಾಣ ಕೊಟ್ಟನು, ಎಂಥ ಪಾಪಿಯಾದರೂ ಬಾ ಎಂದು ಅದರಲ್ಲಿ ಎರಡೇ ಸಾಲು. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿದ ಬಿಟಿಎಸ್ ಬಸ್ಸು ಅರ್ಧ ಗಂಟೆಯಿಂದ ಅಲ್ಲಾಡಿರಲಿಲ್ಲ. ಬಾಗಿಲವರೆಗೂ ಜನ.

"ಇದು ನನಗಲ್ಲ ಮೇಡಂ."

"ಎಲ್ಲರಿಗೂ ಕಣಪ್ಪಾ," ಎಂದಳು, ಒಂದು ಕಾಲು ಕಳೆದುಕೊಂಡ ವರ್ಷದಿಂದ ದಿನವೂ ಹೇಳುವಂತೆ. "ಏನೇ ಮಾಡಿದ್ರೂ ಸರಿ, ನಂಬಿದ್ರೆ ಸಾಕು."

"ಏನೇ ಮಾಡಿದ್ರೂನಾ?" ಅವನ ಕಣ್ಣು ಅವಳ ಊರುಗೋಲಿನ ಮೇಲಿತ್ತು. "ಹಲಸೂರು ಕೆರೆ ಹತ್ರ ನಿಮಗೆ ಗುದ್ದಿ, ನಿಲ್ಲಿಸ್ದೆ ಹೋದ ಆಟೋ ನಂದೇ. ಹೇಳ್ಬೇಕು ಅಂತ ಒಂದು ವಾರದಿಂದ ನಿಮ್ಮ ಹಿಂದೇನೇ ಈ ಬಸ್ ಹತ್ತತಾ ಇದೀನಿ."

ಅವಳು ಕಿಟಕಿಯತ್ತ ತಿರುಗಿದಳು. ಅಲ್ಲಿ ಉಸಿರಾಡಲೂ ಬಿಡದಂತೆ ಲಾರಿಯೊಂದು ಒತ್ತಿ ನಿಂತಿತ್ತು. ಇಳಿದು ಹೋಗಲು ದಾರಿಯಿಲ್ಲ. ದಾರಿಯಿದ್ದರೂ ಓಡುವ ಕಾಲನ್ನು ಇವನೇ ಕಿತ್ತುಕೊಂಡಿದ್ದ. ಎದೆಯಿಂದ ಮೇಲೆದ್ದು ಬಂದದ್ದು ಪ್ರಾರ್ಥನೆಯಲ್ಲ, ಬೈಗುಳ. "ಕೊಡಿಲ್ಲಿ," ಎಂದು ಕರಪತ್ರದ ತುದಿ ಹಿಡಿದು ಎಳೆದಳು.

ವಾಪಸ್ಸು ಕೊಡಲು ಬಂದವನೇ ಈಗ ಬಿಡಲಿಲ್ಲ. ತನ್ನ ಕಡೆಯ ತುದಿಯನ್ನು ಇನ್ನೂ ಬಿಗಿಯಾಗಿ ಹಿಡಿದ. ಇನ್ನೊಂದು ಸಲ ಎಳೆದರೆ ಕಾಗದ ಹರಿದುಹೋಗುತ್ತದೆ ಎಂದು ಕೆಳಗೆ ನೋಡಿದಳು. 'ಪಾಪಿ' ಎಂಬ ಮಾತು ಅವನ ಕಡೆ ಇರಲಿಲ್ಲ. ಅವಳದೇ ಹೆಬ್ಬೆರಳ ಕೆಳಗಿತ್ತು.

"ಇಟ್ಕೋ," ಎಂದು ಅವಳು ಕೈ ಬಿಟ್ಟಳು.