ಅನ್ನಪೂರ್ಣವ್ವ ಬಯಲಿಗೆ ಹೋದದ್ದು

ಕೊರೊನಾ ಬಂದ ಮೊದಲ ವರ್ಷದ ಏಪ್ರಿಲ್ ತಿಂಗಳು, ರಾತ್ರಿ ಊಟದ ಹೊತ್ತು. ಗಡಿಯಾರದಲ್ಲಿ ರಾತ್ರಿಯಾಗಿದ್ದರೂ ಪರದೇಶದ ಊರು ವೆಲ್ಡ್‌ಹೋವನ್ನಿನ ಬಿಸಿಲಿಗೆ ಅದು ಗೊತ್ತಿರಲಿಲ್ಲ, ಇನ್ನೂ ಕಿಟಕಿಯಲ್ಲೇ ಕೂತಿತ್ತು. ಸೊಸೆ ಸ್ಮಿತಾ ಪಲ್ಯ ಬಡಿಸುತ್ತ, "ಅತ್ತೆ, ಒಂದು ಕ್ಯಾರವಾನ್ ಸಿಗುತ್ತೆ. ಮೂರು ದಿನ ಎಲ್ಲರೂ ಒಟ್ಟಿಗೆ ಬಯಲಿಗೆ ಹೋಗಿಬರೋಣ" ಅಂದಳು.

ಅನ್ನಪೂರ್ಣವ್ವನ ಕೈಯಲ್ಲಿದ್ದ ರೊಟ್ಟಿಚೂರು ಅಲ್ಲೇ ನಿಂತಿತು. "ಮೂರು ದಿನ? ಎಲ್ಲಾರೂ ಕೂಡಿ? ಯಾಕವ್ವಾ, ಎಲ್ಲಾರದೂ ಹೊಟ್ಟಿ ಕೆಟ್ಟೈತೇನು?"

ಮಗ ಸೋಮಶೇಖರನಿಗೆ ನೀರು ನೆತ್ತಿಗೇರಿತು. ಕೆಮ್ಮಿದರೆ ಮನೆಯವರೇ ದೂರ ಸರಿಯುವ ಕಾಲ ಅದು. ಕೆಮ್ಮು ನುಂಗಿಕೊಂಡು ಹೆಂಡತಿಗೆ ಹೇಳಿದ: "ನಮ್ಮ ಕಡೆ ಬಯಲಿಗೆ ಹೋಗೂದಂದ್ರ ಚರಿಗಿಯಾಗ ನೀರು ತೊಗೊಂಡು ಹೋಗೂದು." ಬೆಂಗಳೂರಿನ ಹುಡುಗಿ ಸ್ಮಿತಾ ಪಲ್ಯದ ಪಾತ್ರೆ ಹಿಡಿದು ಅಡಿಗೆಮನೆಗೆ ಹೋದವಳು ಬಹಳ ಹೊತ್ತು ಈಚೆ ಬರಲಿಲ್ಲ.

ಕ್ಯಾರವಾನ್ ಅಂದರೆ ಕಾರಿನ ಬೆನ್ನಿಗೆ ಕಟ್ಟಿಕೊಂಡು ಹೋಗುವ ಮನೆ. ಸೋಮಶೇಖರನ ಗೆಳೆಯನದು. ಅನ್ನಪೂರ್ಣವ್ವ ಹತ್ತಿ ನೋಡಿದಳು. ಹಾಸಿಗೆ ಇತ್ತು, ಒಲೆ ಇತ್ತು, ಒಲೆಯ ಮಗ್ಗುಲಿಗೇ ಕಪಾಟಿನಂಥ ಒಂದು ಬಾಗಿಲು. ತೆಗೆದಳು, ಮುಚ್ಚಿದಳು, ಇಳಿದುಬಿಟ್ಟಳು. "ಅನ್ನಕ್ಕೂ ಅದಕ್ಕೂ ನಡುವ ಒಂದು ಗೇಣಿಲ್ಲ. ನಾ ಒಲ್ಲೆ." ಗಾಡಿ ನಿಲ್ಲಿಸಿ ಇಳಿದುಕೊಳ್ಳುವ ಹೊಲದಲ್ಲಿ ಅಲ್ಲಿಯ ರೈತ ಬೇರೆ ಸಂಡಾಸು ಕಟ್ಟಿಸಿದ್ದನಂತೆ. ಆದರೆ ರೋಗದ ಭಯಕ್ಕೆ ಅದಕ್ಕೆ ಕೀಲಿ ಬಿದ್ದಿತ್ತು.

ಹೋಗಲು ಅವಳಿಗೆ ಮನಸ್ಸಿಲ್ಲ ಅಂತಲ್ಲ. ಫೆಬ್ರವರಿಯಲ್ಲಿ ಬಂದವಳು ವಿಮಾನ ನಿಂತು ಇಲ್ಲೇ ಸಿಕ್ಕಿಬಿದ್ದಿದ್ದಳು. ಗೋಡೆ, ಕಿಟಕಿ, ಮತ್ತೆ ಗೋಡೆ. ಕಾಲಿಗೆ ಒಂದು ಚೂರು ಮಣ್ಣು ಹತ್ತಿರಲಿಲ್ಲ. ಒಂದು ದೇಶದ ಮಣ್ಣು ತುಳಿಯದೆ ಅದನ್ನು ನೋಡಿ ಬಂದೆ ಅಂತ ಊರಲ್ಲಿ ಹೇಳುವುದು ಯಾವ ಬಾಯಿಂದ?

"ಹೋಗೂಣು. ಹಂಗಾಮ ನೋಡಿ ಹೋಗೂಣು" ಅಂದಳು.

"ಯಾವ ಹಂಗಾಮ ಯವ್ವಾ? ಇಲ್ಲಿಯವರು ಮೇ, ಜೂನ್ ಚಲೋ ಅಂತಾರ."

"ಅವರಿಗೆ ಚಲೋ ಇರ್ಬೇಕು. ನನಗ ಬೆಳಿ ಆಳೆತ್ತರ ಆಗೂ ಹಂಗಾಮ."

ಮೇ ತಿಂಗಳಲ್ಲಿ ಮಗ ಕಾರಿನಲ್ಲಿ ಕರೆದುಕೊಂಡು ಹೋಗಿ ಆ ಹೊಲ ತೋರಿಸಿದ. ನೆಲ ಅಂಗೈಯಷ್ಟು ಸಪಾಟು, ಗೋವಿನಜೋಳ ಬೆರಳುದ್ದ. "ಇದರಾಗ ಕೋಳಿನೂ ಅಡಗೂದಿಲ್ಲ" ಅಂದಳು. ಜೂನ್‌ನಲ್ಲಿ ಮೊಳಕಾಲುದ್ದ. "ಕುರಿ ಅಡಗತೈತಿ, ನಾ ಅಡಗೂದಿಲ್ಲ." ಬೇಸಿಗೆ ಮುಗಿಯಿತು. ಸೋಮಶೇಖರನ ಆಫೀಸಿನವರೆಲ್ಲ ಹೋಗಿ ಮೈ ಕೆಂಪಗೆ ಸುಟ್ಟುಕೊಂಡು ಬಂದರು. ಸೆಪ್ಟೆಂಬರ್ ಕೊನೆಗೆ ಮತ್ತೆ ಹೋಗಿ ನೋಡಿ, "ಈಗ ಆನಿ ಅಡಗತೈತಿ. ನಡೀರಿ" ಅಂದಳು. ಥಂಡಿ ಶುರುವಾಗಿತ್ತು, ಜಿಟಿಜಿಟಿ ಮಳೆ ಬೇರೆ. ಆದರೆ ಅಕ್ಟೋಬರಿಗೆ ಅವಳ ಟಿಕೆಟು ಸಿಕ್ಕಿತ್ತು. ಈಗ ಬಿಟ್ಟರೆ ಇಲ್ಲ.

ಶುಕ್ರವಾರ ಸಂಜೆ ಹೋಗಿ ಇಳಿದರು. ಶನಿವಾರ ಬೆಳಕು ಹರಿಯುವಾಗ ಅನ್ನಪೂರ್ಣವ್ವ ಹೊಲದ ಅಂಚಿಗೆ ಚಪ್ಪಲಿ ಬಿಟ್ಟು, ತಣ್ಣನೆ ಮಣ್ಣಿಗೆ ಬರಿಗಾಲಿಟ್ಟು, ಚರಿಗೆ ಹಿಡಿದು ಬೆಳೆಯೊಳಗೆ ಹೋದಳು. ಅವಳು ಹೋದ ಹಿಂದೆಯೇ ಆಚೆ ತುದಿಯಿಂದ ಮನೆಯಷ್ಟು ದೊಡ್ಡ ಮಷಿನ್ನು ಗುಡುಗುತ್ತ ಬಂತು. ರೈತ ಕೊಯ್ಲಿಗೆ ಇಳಿದಿದ್ದ.

ಸ್ಮಿತಾ ಮಲಗಿದ ಬಟ್ಟೆಯಲ್ಲೇ ಓಡಿಹೋಗಿ ಎರಡೂ ಕೈ ಬೀಸಿದಳು. ಮಷಿನ್ನು ನಿಂತಿತು. ರೈತ ಇಳಿದು, ದೂರದಲ್ಲೇ ನಿಂತು, ಏನಾಯಿತು ಅಂತ ಇಂಗ್ಲಿಷಿನಲ್ಲಿ ಕೇಳಿದ.

"ಒಳಗೆ ನಮ್ಮತ್ತೆ ಇದ್ದಾರೆ."

"ಬಿದ್ದಿದ್ದಾರೇನು?"

"ಇಲ್ಲ, ಇಲ್ಲ."

"ಮತ್ತೆ ಏನು ಮಾಡುತ್ತಿದ್ದಾರೆ?"

ಸ್ಮಿತಾಳ ಬಾಯಿಗೆ ಬಂದದ್ದು ಒಂದೇ ಮಾತು. "ಪೂಜೆ."

ರೈತ ಅಂಚಿನಲ್ಲಿದ್ದ ಚಪ್ಪಲಿ ನೋಡಿದ. ಮೆಲ್ಲಗೆ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಅನ್ನಪೂರ್ಣವ್ವ ಸೆರಗು ಹೊದ್ದು, ಖಾಲಿ ಚರಿಗೆ ಹಿಡಿದು ಹೊರಗೆ ಬಂದಾಗ ಅವನು ತಲೆ ಬಾಗಿಸಿದ.

"ಯಾಕವ್ವಾ, ಇಂವಾ ನನಗ್ಯಾಕ ಟೊಪಗಿ ತಗೀತಾನ?" ಗಾಡಿಯ ಹತ್ತಿರ ಬಂದ ಮೇಲೆ ಕೇಳಿದಳು. ಸ್ಮಿತಾ ಹೇಳಿದಳು. ಅತ್ತೆ ಚರಿಗೆಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ, ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಸಂಜೆಗೆ ಹೊಲವೆಲ್ಲ ಬೋಳಾಗಿತ್ತು. ಅವರ ಗಾಡಿಯ ಹಿಂದೆ ಮಾತ್ರ ಒಂದು ಕೋಣೆಯಷ್ಟು ಗೋವಿನಜೋಳ, ನಾಲ್ಕೂ ಮೂಲೆ ನೆಟ್ಟಗೆ, ಹಾಗೇ ನಿಂತಿತ್ತು. ಒಳಗೆ ಹೋಗಲು ರೈತ ಒಂದು ಸಾಲು ಕತ್ತರಿಸಿ ಬಾಗಿಲು ಬೇರೆ ಮಾಡಿದ್ದ.

"ಇಷ್ಟು ಮಾಡ್ಯಾನ, ನಾಕು ದಿನ ಇರದಿದ್ದರ ಹೆಂಗ?" ಅಂದಳು ಅನ್ನಪೂರ್ಣವ್ವ. ಭಾನುವಾರ ಮರಳಬೇಕಿದ್ದ ಸೋಮಶೇಖರ ಸೋಮವಾರ, ಮಂಗಳವಾರ ಗಾಡಿಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಆಫೀಸು ನಡೆಸಿದ.

ಹೊರಟದ್ದು ಬುಧವಾರ ಮುಂಜಾನೆ. ಕಾರು ರಸ್ತೆಗೆ ತಿರುಗುವಾಗ ಅನ್ನಪೂರ್ಣವ್ವ ಹಿಂದಕ್ಕೆ ನೋಡಿದಳು. ರೈತ ಒಬ್ಬನೇ ಆ ಜೋಳದ ಬಾಗಿಲಿಗೆ ಬಂದು ನಿಂತಿದ್ದ.

"ಸೋಮ್ಯಾ, ಗಾಡಿ ನಿಂದ್ರಸು."

"ನಿಂದ್ರಸಿ ಏನಂತ ಹೇಳ್ಲಿ ಯವ್ವಾ?"

ರೈತ ಬಗ್ಗಿ, ಎರಡೂ ಬೂಟು ಬಿಚ್ಚಿ, ಜೋಡಿಸಿ ಇಡುತ್ತಿದ್ದ.